ಮಂಜಿನ ದಿನ ಓಡಿದ ಗಡಿಯಾರ

ನಮ್ಮೂರಿನಲ್ಲಿ ಮಂಜು ಇಳಿದ ದಿನವನ್ನು ಎಣಿಸುವುದಿಲ್ಲ. ಬುಧವಾರ ಮಲಗಿ ಎದ್ದಾಗ ಕಿಟಕಿಯಾಚೆ ಎದುರುಮನೆ ಕಾಣದಿದ್ದರೆ ಅದು ಗುರುವಾರವಲ್ಲ. ಗುರುವಾರ ಅದರ ಮಾರನೆಯ ದಿನ ಬರುತ್ತದೆ. ಮಂಜಿನ ದಿನ ಮೊಗ್ಗು ಅರಳುವುದಿಲ್ಲ, ಉಗುರು ಬೆಳೆಯುವುದಿಲ್ಲ, ಒಲೆಯ ಮೇಲಿಟ್ಟು ಮರೆತ ಹಾಲು ಪಾತ್ರೆಯ ಅಂಚಿನವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಕ್ಷೌರದಂಗಡಿಗೆ ರಜೆ. ತುಂಬಿದ ಬಸುರಿಯರು ಅಂದು ನೋವು ಬರುವುದಿಲ್ಲವೆಂಬ ಧೈರ್ಯದಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಾರೆ. ಕೆಲಸ ಮಾಡಬಾರದೆಂದೇನೂ ಇಲ್ಲ, ಮಾಡಿದರೆ ಕೂಲಿ ಕೇಳುವಂತಿಲ್ಲ. ಮಾತಾಡಬಾರದೆಂದೂ ಇಲ್ಲ, ಆದರೆ ಆಡಿದ ಮಾತು ಲೆಕ್ಕಕ್ಕಿಲ್ಲ. ಮಂಜಿನಲ್ಲಿ ಕೊಟ್ಟ ವಚನ, ಒಪ್ಪಿದ ಸಂಬಂಧ, ಬೈದ ಬೈಗುಳ ಎಲ್ಲವನ್ನೂ ಬಿಸಿಲು ಬಂದ ಮೇಲೆ ಇನ್ನೊಮ್ಮೆ ಆಡಿದರಷ್ಟೇ ಅವು ನಿಲ್ಲುತ್ತವೆ. ಜಗಳ ತೀರಿಸಿಕೊಳ್ಳಲು ಮಂಜಿಗಾಗಿಯೇ ಕಾಯುವ ಗಂಡಹೆಂಡಿರು ನಮ್ಮಲ್ಲಿ ಬಹಳ. ಹೀಗೆ ಬಿಟ್ಟ ದಿನಗಳನ್ನೆಲ್ಲ ಯುಗಾದಿಯ ಹೊತ್ತಿಗೆ ಒಟ್ಟಿಗೆ ದಾಟಿ ಹೊರಗಿನವರ ಜೊತೆ ಸೇರಿಕೊಳ್ಳುತ್ತೇವೆ. ಅದು ಹೇಗೆಂದು ಹೊರಗಿನವರು ಕೇಳುತ್ತಾರೆ. ನಮಗೆ ಅದರಲ್ಲಿ ಕೇಳುವಂಥದ್ದೇನೂ ಕಂಡಿಲ್ಲ.

ಒಂದು ಕಟ್ಟಳೆ ಮಾತ್ರ ಬಿಗಿಯಾದದ್ದು. ಮಂಜಿನ ದಿನ ಮನೆಯಲ್ಲಿ ಯಾವ ಗಡಿಯಾರವೂ ಓಡಕೂಡದು. ಎದ್ದ ತಕ್ಷಣ ಲೋಲಕ ಹಿಡಿದು ನಿಲ್ಲಿಸಬೇಕು, ಬ್ಯಾಟರಿ ತೆಗೆಯಬೇಕು, ಮಾರನೆಯ ಬೆಳಿಗ್ಗೆ ನಿಂತಲ್ಲಿಂದಲೇ ಮತ್ತೆ ಹೊರಡಿಸಬೇಕು. ಎಣಿಸದ ದಿನವನ್ನು ಗಡಿಯಾರವೊಂದು ಎಣಿಸಿಬಿಟ್ಟರೆ, ಆ ದಿನವನ್ನು ಅದು ಮನೆಯವರಲ್ಲಿ ಯಾರಿಂದಲೋ ವಸೂಲು ಮಾಡುತ್ತದೆ ಎನ್ನುತ್ತಾರೆ. ಏನನ್ನು ವಸೂಲು ಮಾಡುತ್ತದೆ ಎಂದು ಹೇಳಿದವರಿಲ್ಲ. ಅದಕ್ಕೇ ಎಲ್ಲರಿಗೂ ಹೆದರಿಕೆ.

ನನ್ನದು ರಿಪೇರಿ ಅಂಗಡಿ. ಮಿಕ್ಸಿ, ರೇಡಿಯೊ, ಹೊಲಿಗೆ ಯಂತ್ರ ಬಿಚ್ಚುತ್ತ ಬಿಚ್ಚುತ್ತ ಕಂಪ್ಯೂಟರಿಗೆ ಬಂದವಳು. ಊರಿನವರಿಗೆ ನಾನು ಚಂಪಮ್ಮ. ನಮ್ಮೂರಿನ ಕಂಪ್ಯೂಟರುಗಳನ್ನೆಲ್ಲ ನಡೆಸುವ ಪ್ರೋಗ್ರಾಮು ಲಿನಕ್ಸ್, ಏಕೆಂದರೆ ಗಡಿಯಾರದ ವಿಷಯದಲ್ಲಿ ಅದು ಹೇಳಿದ ಮಾತು ಕೇಳುತ್ತದೆ. ಹೊಸ ಯಂತ್ರ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ, ತಾನಾಗಿ ಹೊರಗಿನ ವೇಳೆ ನೋಡಿ ಸರಿಮಾಡಿಕೊಳ್ಳುವ ಅದರ ಚಾಳಿಯನ್ನು ಬಿಡಿಸುವುದು. ಆಮೇಲೆ ಪ್ರತಿ ಮಂಜಿಗೆ ಅದನ್ನು ಆರಿಸಿಡುತ್ತೇವೆ, ಮಾರನೆಯ ದಿನ ತಾರೀಖನ್ನು ಒಂದು ದಿನ ಹಿಂದಕ್ಕೆ ತರುತ್ತೇವೆ.

ಅಪ್‌ಡೇಟ್ ಮಾಡುವಾಗ ಮಾತ್ರ ಇದು ಕಾಲಿಗೆ ತೊಡರುತ್ತದೆ. ಹೊಸ ಪ್ರೋಗ್ರಾಮುಗಳು ಬರುವುದು ಹೊರಗಿನಿಂದ, ಹೊರಗಿನ ತಾರೀಖಿನ ಮುದ್ರೆ ಒತ್ತಿಸಿಕೊಂಡು. ನಮ್ಮ ಯಂತ್ರ ಆ ಮುದ್ರೆ ನೋಡಿ, ಈ ದಿನ ಇನ್ನೂ ಹುಟ್ಟೇ ಇಲ್ಲ, ಇದು ಮೋಸದ ಸಾಮಾನು ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಯಂತ್ರದ ತಪ್ಪೇನಿಲ್ಲ, ನಾಳಿನ ತಾರೀಖಿನ ಹಾಲು ತಂದರೆ ನಾನೂ ಕೊಳ್ಳುವುದಿಲ್ಲ. ಅದಕ್ಕೆ ನಮ್ಮ ಕಸುಬಿನವರು ಒಂದು ಉಪಾಯ ಮಾಡಿಕೊಂಡಿದ್ದೆವು. ಬಿಸಿಲಿರುವ ದಿನ ನೋಡಿ ಗಡಿಯಾರವನ್ನು ಹೊರಗಿನವರ ದಿನಕ್ಕೆ ದಾಟಿಸುವುದು, ಮನೆಯವರ ಕಣ್ಣಿಗೆ ಆ ತಾರೀಖು ಬೀಳದಂತೆ ಪರದೆಗೆ ಬಟ್ಟೆ ಹೊದಿಸುವುದು, ಅಪ್‌ಡೇಟ್ ಮುಗಿದ ಮೇಲೆ ಮತ್ತೆ ನಮ್ಮ ದಿನಕ್ಕೆ ತಂದು ಬಟ್ಟೆ ತೆಗೆಯುವುದು. ಎಷ್ಟೋ ಯಂತ್ರಗಳನ್ನು ಹೀಗೆ ದಾಟಿಸಿದ್ದೆ. ಹೊನ್ನಾಜಮ್ಮನ ಯಂತ್ರದವರೆಗೆ ತೊಂದರೆ ಬಂದಿರಲಿಲ್ಲ.

ಹೊನ್ನಾಜಮ್ಮ ಹೂವಿನ ಮಂಡಿಯಲ್ಲಿ ಹರಾಜು ಕೂಗುವವರು. ಬೆಳಕು ಹರಿಯುವ ಹೊತ್ತಿಗೆ ಕಟ್ಟೆ ಹತ್ತಿ ಅವರು ಕೂಗಲು ಶುರುಮಾಡಿದರೆ, ಕೆರೆಯಾಚೆ ಬಟ್ಟೆ ಒಗೆಯುವವರಿಗೂ ಅಂದಿನ ಕನಕಾಂಬರದ ಬೆಲೆ ಗೊತ್ತಾಗುತ್ತಿತ್ತು. ಆಮೇಲೆ ಗಂಟಲಿನಲ್ಲಿ ಗಂಟು ಕಾಣಿಸಿತು. ಡಾಕ್ಟರು ಜೀವ ಉಳಿಸಿದರು, ದನಿ ಹೋಯಿತು. ಮಂಡಿಯಲ್ಲಿ ಮೈಕು ಹಚ್ಚುವವರ ಹತ್ತಿರ ಹಳೆಯ ಹರಾಜುಗಳ ರೆಕಾರ್ಡುಗಳಿದ್ದವು. ಅವುಗಳಿಂದ ಅವರದೇ ದನಿಯನ್ನು ಹೆಕ್ಕಿ, ಬೆರಳಿನಿಂದ ಒತ್ತಿದ್ದನ್ನು ಆ ದನಿಯಲ್ಲಿ ಹೇಳುವ ಪ್ರೋಗ್ರಾಮನ್ನು ಪಟ್ಟಣದ ಯಾರೋ ಮಾಡಿಕೊಟ್ಟರು. ಹೊನ್ನಾಜಮ್ಮ ಮತ್ತೆ ಕಟ್ಟೆ ಹತ್ತಿದರು. ಈಗ ಅವರು ಕೀಲಿಮಣೆ ಒತ್ತುತ್ತಾರೆ, ತಗಡಿನ ಹಾರ್ನಿನಿಂದ ಹಳೆಯ ಹೊನ್ನಾಜಮ್ಮ ಕೂಗುತ್ತಾರೆ.

ಕಟ್ಟೆಯ ಕೆಳಗೆ ಅವರ ಮಾತು ಬೇರೆಯವರಿಗೆ ತಲುಪುವುದು ಗಂಡ ನಿಂಗಯ್ಯನವರ ಮೂಲಕ. ಮಂಡಿಯಲ್ಲಿ ತೂಕ ಹಾಕುವ ಮನುಷ್ಯ, ಮೆತ್ತನೆಯ ದನಿ, ಪಕ್ಕದಲ್ಲಿ ಕೂತವರಿಗೂ ಎರಡು ಸಲ ಹೇಳಬೇಕು. ಹೆಂಡತಿಯ ತುಟಿ ಓದುವುದು ಊರಿನಲ್ಲಿ ಅವರೊಬ್ಬರಿಗೇ ಬರುವುದು. ತಕ್ಕಡಿಯವರಲ್ಲವೇ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತನ್ನನ್ನು ಬೈದರೂ ಹಾಗೆಯೇ ತೂಗಿ ಹೇಳುತ್ತಾರೆ. ಒಮ್ಮೆ ಅಂಗಡಿಗೆ ಬಂದು, ಹೆಂಡತಿಯ ಮುಖ ನೋಡುತ್ತ, "'ಈ ಮನುಷ್ಯನ್ನ ಕಟ್ಕೊಂಡು ಅರ್ಧ ಆಯಸ್ಸು ಹೋಯ್ತು, ಚಾರ್ಜರ್ ತರೋಕೂ ನೆನಪಿಲ್ಲ' ಅಂತಾಳೆ," ಎಂದು ನನಗೆ ತಿಳಿಸಿದ್ದರು.

ಆ ವರ್ಷ ಯಂತ್ರ ಸಂಖ್ಯೆಗಳ ಬಾಲ ನುಂಗತೊಡಗಿತು. ನೂರಿಪ್ಪತ್ತೈದು ಎಂದು ಒತ್ತಿದರೆ ಹಾರ್ನು ನೂರಿಪ್ಪತ್ತು ಎಂದು ನಿಲ್ಲಿಸುತ್ತಿತ್ತು. ಕೊಂಡವರು ಒಂದು ಹೇಳುವುದು, ಕೊಟ್ಟವರು ಒಂದು ಹೇಳುವುದು, ಮಂಡಿಯಲ್ಲಿ ದಿನವೂ ರಂಪ. ಮಂಡಿಯ ಯಜಮಾನ ಮಾದಪ್ಪನವರು ಕೊನೆಗೆ ನನ್ನನ್ನೂ ಕರೆಸಿಕೊಂಡು ಮಾತು ಮುಗಿಸಿದರು. ಶುಕ್ರವಾರ ಹಬ್ಬ. ಗುರುವಾರದ ಹರಾಜು ವರ್ಷದಲ್ಲೇ ದೊಡ್ಡದು. ಅಷ್ಟರೊಳಗೆ ಪೆಟ್ಟಿಗೆ ಸರಿಯಾಗಿ ಮಾತಾಡಬೇಕು, ಇಲ್ಲವಾದರೆ ಕಟ್ಟೆಗೆ ತಮ್ಮ ಬಾಮೈದನನ್ನು ಹತ್ತಿಸುತ್ತಾರೆ, ಆಮೇಲೆ ಇಳಿಸುವುದಿಲ್ಲ.

"ಹೊನ್ನಾಜಮ್ಮ ಕೂಗ್ತಿದ್ದಾಗ ಮಾತಿಗೆ ತಲೆನೂ ಇತ್ತು ಬಾಲನೂ ಇತ್ತು," ಎಂದರು ಮಾದಪ್ಪ. "ಈ ಪೆಟ್ಟಿಗೆಗೆ ಬರೀ ತಲೆ."

ಹೊನ್ನಾಜಮ್ಮನ ತುಟಿ ಆಡಿತು. ನಿಂಗಯ್ಯನವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಬಹಳ ವಿನಯದಿಂದ, "'ನಿಮ್ಮ ಬಾಮೈದನಿಗೆ ಎರಡೂ ಇಲ್ಲ' ಅಂತಾಳೆ, ಯಜಮಾನ್ರೇ," ಎಂದರು.

ಸುತ್ತ ನಿಂತ ಹೂವಿನವರು ನಕ್ಕರು. ಮಾದಪ್ಪನವರೂ ನಕ್ಕರು, ಆದರೆ ಮಾತು ಬದಲಿಸಲಿಲ್ಲ.

ನಾನು ವಿಚಾರಿಸಿದೆ. ಬಾಲ ನುಂಗುವ ದೋಷ ಮಾಡಿದವರಿಗೂ ಗೊತ್ತಿತ್ತು, ಹೊಸದರಲ್ಲಿ ಸರಿಪಡಿಸಿದ್ದರು. ಬೇಕಾದದ್ದು ಒಂದು ಅಪ್‌ಡೇಟ್ ಅಷ್ಟೇ. ಯಂತ್ರ ತಂದ ಮೇಲೆ ಅದಕ್ಕೆ ಒಮ್ಮೆಯೂ ಅಪ್‌ಡೇಟ್ ಆಗಿರಲಿಲ್ಲವಾದ್ದರಿಂದ ತರಬೇಕಾದ ಸಾಮಾನು ರಾಶಿ ಇತ್ತು. ಮುದ್ರೆ ನೋಡುವ ತಪಾಸಣೆಯನ್ನೇ ತೆಗೆದುಹಾಕಿದರೆ ದಾಟಿಸುವ ರಗಳೆಯೇ ಇಲ್ಲವಲ್ಲ ಎಂದು ಮಾದಪ್ಪನವರ ಬಾಮೈದ ಸಲಹೆ ಕೊಟ್ಟ. ಹಾಗೆ ಮಾಡುವವರೂ ಇದ್ದಾರೆ. ಬೀಗ ತೊಡರುತ್ತದೆಂದು ಬಾಗಿಲನ್ನೇ ಕಿತ್ತಿಡುವ ಕೆಲಸ ನನ್ನದಲ್ಲ ಎಂದೆ. ಬುಧವಾರ ಸಂಜೆ ಅವರ ಮನೆಗೆ ಹೋಗಿ ಗಡಿಯಾರ ದಾಟಿಸಿ, ಪರದೆಗೆ ಹಳೆಯ ಸೀರೆಯ ತುಂಡು ಹೊದಿಸಿ, ಬೆಳಗಿನೊಳಗೆ ಮುಗಿಯುತ್ತದೆ, ಯಾರೂ ಬಟ್ಟೆ ಎತ್ತಬೇಡಿ ಎಂದು ಹೇಳಿ ಬಂದೆ. ಹಿಂದಿನ ವಾರವಷ್ಟೇ ಮಂಜು ಬಿದ್ದಿತ್ತು. ಇಷ್ಟು ಬೇಗ ಮತ್ತೆ ಬರಲಾರದೆಂದುಕೊಂಡಿದ್ದೆ.

ಬೆಳಿಗ್ಗೆ ಎದ್ದರೆ ಎದುರುಮನೆಯಿಲ್ಲ.

ನನ್ನ ಗೋಡೆಗಡಿಯಾರ ನಿಲ್ಲಿಸಿ, ಕೈಯಲ್ಲಿ ಸೈಕಲ್ ಗಂಟೆ ಹಿಡಿದುಕೊಂಡು ಹೊರಟೆ. ಮಂಜಿನಲ್ಲಿ ನಡೆಯುವವರು ಹಾಗೆ ಗಂಟೆ ಬಾರಿಸುತ್ತ ಹೋಗುತ್ತಾರೆ, ಎದುರು ಬರುವವರೂ ಬಾರಿಸುತ್ತಾರೆ, ಡಿಕ್ಕಿ ತಪ್ಪುತ್ತದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ, ಅಪ್‌ಡೇಟ್ ಮುಗಿದಿರಲಿ ಎಂದು. ನಿಂಗಯ್ಯನವರ ಜಗಲಿ ಹತ್ತಿದಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಮನೆಯ ಗಡಿಯಾರಗಳೆಲ್ಲ ಬ್ಯಾಟರಿ ಕಳೆದುಕೊಂಡು ಬೆನ್ನು ಮೇಲಾಗಿ ಬಿದ್ದಿದ್ದವು. ಅವುಗಳ ಕೊನೆಗೆ, ಅಚ್ಚುಕಟ್ಟಾಗಿ ಸುತ್ತಿಟ್ಟ ಒಂದು ಕರೀ ವೈರು. ಕಂಪ್ಯೂಟರಿನದು.

"ಬಟ್ಟೆ ಎತ್ತಲಿಲ್ಲ, ಚಂಪಮ್ಮ," ಎಂದರು. "ಹಿಂದಿನಿಂದ ಪ್ಲಗ್ ಕಿತ್ತೆ."

ನಮ್ಮೂರಿನ ಯಾವ ಯಜಮಾನನೂ ಮಾಡುವುದು ಅದನ್ನೇ. ಬೈಯಲು ಬಾಯಿ ಬರಲಿಲ್ಲ. ಹೊಲಿಗೆಯವಳು ಹಳೆಯ ತೋಳು ಬಿಚ್ಚಿ ಹೊಸ ತೋಳು ಕೂರಿಸುವಾಗ ರವಿಕೆ ಕಿತ್ತುಕೊಂಡು ಓಡಿದಂತೆ ಆಗಿತ್ತು ಅಷ್ಟೆ. ಅರ್ಧ ಹೊಸತು, ಅರ್ಧ ಹಳತು, ತೊಡಲು ಬರುವುದಿಲ್ಲ. ಇನ್ನು ಬಾಲ ನುಂಗುವುದಿರಲಿ, ಯಂತ್ರ ಬಾಯಿ ತೆರೆಯುವುದೇ ಅನುಮಾನವಿತ್ತು.

ಆದರೆ ಮಂಜು ಒಂದು ಕೈಯಲ್ಲಿ ಕಿತ್ತುಕೊಂಡಿದ್ದರೂ ಇನ್ನೊಂದು ಕೈಯಲ್ಲಿ ಕೊಟ್ಟಿತ್ತು. ಇಂದು ಗುರುವಾರವಲ್ಲ. ಹರಾಜಿಲ್ಲ, ಮೊಗ್ಗು ಗಿಡದಲ್ಲೇ ಇವೆ, ಮಾದಪ್ಪನವರ ಗಡುವು ನಾಳೆ ಬೆಳಿಗ್ಗೆಗೆ ಸರಿದಿದೆ. ಯಾರ ಲೆಕ್ಕಕ್ಕೂ ಸೇರದ ಒಂದು ಇಡೀ ದಿನ ನನ್ನ ಕೈಯಲ್ಲಿತ್ತು. ಕೂಲಿ ಸಿಗುವುದಿಲ್ಲ, ಸಿಗದಿರಲಿ. ಯಂತ್ರ ಹಚ್ಚಿ ಕೂತರೆ ಸಂಜೆಯೊಳಗೆ ಎಬ್ಬಿಸುತ್ತೇನೆಂಬ ಧೈರ್ಯ ನನಗಿತ್ತು. ಹಾಗೆಯೇ ಹೇಳಿ, ವೈರಿಗೆ ಕೈಚಾಚಿದೆ.

ನಿಂಗಯ್ಯನವರು ವೈರನ್ನು ತೊಡೆಯ ಮೇಲಿಟ್ಟುಕೊಂಡರು. ಇವತ್ತು ಬೇಡ ಎಂದರು. ನಾಳೆ ಬೆಳಕು ಹರಿಯುವಾಗಲೇ ಹರಾಜಲ್ಲವೇ, ನಾಳೆ ಹಚ್ಚಿದರೆ ಏನು ಬಂತು ಎಂದೆ. ಅವರು ತಲೆ ತಗ್ಗಿಸಿದರೇ ಹೊರತು ವೈರು ಬಿಡಲಿಲ್ಲ. ಯಂತ್ರವನ್ನು ನನ್ನ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇನೆ, ನಿಮ್ಮ ಮನೆಯಲ್ಲಿ ಓಡುವುದು ಬೇಡ ಎಂದೆ. ಯಂತ್ರ ಅವಳದು, ಎಲ್ಲಿ ಓಡಿದರೂ ಬರುವುದು ಅವಳ ಮೇಲೆಯೇ ಎಂದರು. ಹೊನ್ನಾಜಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತು ಇಬ್ಬರನ್ನೂ ನೋಡುತ್ತಿದ್ದರು.

ಅವರ ಹಟದ ಬೇರು ಊರಿಗೆಲ್ಲ ಗೊತ್ತಿತ್ತು, ಯಾರೂ ಎದುರಿಗೆ ಆಡುತ್ತಿರಲಿಲ್ಲ. ಹೊನ್ನಾಜಮ್ಮನ ದನಿ ಹೋದ ವರ್ಷ, ಒಂದು ಮಂಜು ಕಳೆದ ಬೆಳಿಗ್ಗೆ, ನಿಂಗಯ್ಯನವರು ಏನೋ ಹುಡುಕಲು ಅಟ್ಟ ಹತ್ತಿದ್ದರು. ಟ್ರಂಕಿನೊಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕೀಲಿಕೊಡುವ ಟೈಂಪೀಸೊಂದು ಟಿಕ್ ಟಿಕ್ ಎನ್ನುತ್ತಿತ್ತು. ರಜೆಗೆ ಬಂದಿದ್ದ ಮೊಮ್ಮಗಳು ಆಟಕ್ಕೆ ಕೀಲಿ ತಿರುಗಿಸಿ ಮರೆತಿದ್ದಳು. ಇಡೀ ಮಂಜಿನ ದಿನ ಅದು ಓಡಿತ್ತು. ಆ ತಿಂಗಳಲ್ಲೇ ಗಂಟು ಕಾಣಿಸಿತು. ಅಂದಿನಿಂದ ನಿಂಗಯ್ಯನವರು ಮಂಜಿನ ಬೆಳಿಗ್ಗೆ ಪ್ರತಿ ಗೋಡೆಗೆ ಕಿವಿಯಿಟ್ಟು ಕೇಳುತ್ತಾರೆ, ಪಕ್ಕದ ಮನೆಯ ಗೋಡೆಗೂ. ಟೈಂಪೀಸನ್ನು ಎಸೆದಿರಲಿಲ್ಲ. ಕೀಲಿ ಬಿಚ್ಚಿ ಅದನ್ನು ಬೇರೆ, ಇದನ್ನು ಬೇರೆ ಇಟ್ಟಿದ್ದರು.

ನಾನೂ ಈ ಊರವಳೇ. ಮಂಜಿನ ಕಟ್ಟಳೆ ಸುಳ್ಳೆಂದು ಹೇಳಲು ಹೋಗಲಿಲ್ಲ, ನನ್ನ ಮನೆಯ ಗಡಿಯಾರ ನಿಲ್ಲಿಸಿಯೇ ಬಂದಿದ್ದೆನಲ್ಲ. ಜಗಲಿಯ ಮೇಲೆ ನಿಂತಲ್ಲೇ ಬೇರೊಂದು ಯೋಚನೆ ಹೊಳೆಯಿತು. ಈ ಯಂತ್ರದಲ್ಲಿ ಇರುವುದು ಒಂದು ಗಡಿಯಾರವಲ್ಲ. ಒಳಗೊಂದು ಎಣಿಕೆ ನಡೆಯುತ್ತಿರುತ್ತದೆ, ಹೊರಗೆ ನಮಗೆ ತೋರುವ ಮುಖ ಬೇರೆ. ಜಗತ್ತಿನಲ್ಲಿ ಒಂದೊಂದು ಊರಿಗೆ ಒಂದೊಂದು ವೇಳೆ, ಆದರೂ ಎಲ್ಲ ಯಂತ್ರಗಳ ಒಳಗಿನ ಎಣಿಕೆ ಒಂದೇ. ಆ ಊರಿನ ಮುಖ ಎಷ್ಟು ಮುಂದೆ, ಎಷ್ಟು ಹಿಂದೆ ಎಂಬ ನಿಯಮವಷ್ಟೇ ಬೇರೆ ಇರುತ್ತದೆ. ನಮ್ಮೂರಿಗೂ ಅಂಥದೊಂದು ನಿಯಮ ಬರೆದರಾಯಿತು. ನಾವೆಲ್ಲ ಇಷ್ಟು ಕಾಲ ಮುಖ ತಿರುಗಿಸಬೇಕಾದಲ್ಲಿ ಎದೆಯನ್ನೇ ತಿರುಗಿಸುತ್ತಿದ್ದೆವು.

"ನಿಂಗಯ್ಯಣ್ಣ, ಮಂಜಿನ ದಿನ ನೀವು ಉಸಿರಾಡ್ತೀರಲ್ಲ," ಎಂದೆ. "ಅದನ್ನ ಯಾರೂ ಎಣಿಸಲ್ಲ, ಆದ್ರೂ ಆಡುತ್ತೆ. ಇದರೊಳಗಿರೋದೂ ಹಂಗೇ. ಇದಕ್ಕೆ ಸೋಮವಾರ ಮಂಗಳವಾರ ಗೊತ್ತಿಲ್ಲ. ಯಾವತ್ತೋ ಒಂದು ಗಳಿಗೆಯಿಂದ ಸುಮ್ನೆ ಹೋಗ್ತಾ ಇರುತ್ತೆ. ದಿನ ಅಂತ ಹೆಸರಿಡೋದು ಮೇಲಿನ ಮುಖ. ಆ ಮುಖಾನ ನಮ್ಮ ಲೆಕ್ಕಕ್ಕೇ ಇಡ್ತೀನಿ. ಮಂಜಿನ ದಿನ ಅದು ಖಾಲಿ. ಮಾರನೇ ದಿನ ನಮ್ಮ ಗುರುವಾರ ಅಂದ್ರೆ ಗುರುವಾರ. ಒಳಗಿನದು ಯಾರ ಕಣ್ಣಿಗೂ ಬೀಳಲ್ಲ."

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಆಡಿರಲಿಲ್ಲ. ನಿಂಗಯ್ಯನವರು ವೈರಿನ ಸುರುಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಎರಡು ತಟ್ಟೆಯಲ್ಲೂ ಇಟ್ಟು ನೋಡುತ್ತಿದ್ದಾರೆ ಅನ್ನಿಸಿತು.

"ಅಟ್ಟದ ಟೈಂಪೀಸೂ ಯಾರ ಕಣ್ಣಿಗೂ ಬೀಳ್ದೇನೇ ಓಡಿದ್ದು, ಚಂಪಮ್ಮ," ಎಂದರು.

ಸೈಕಲ್ ಗಂಟೆ ಕೈಗೆತ್ತಿಕೊಂಡು ಎದ್ದೆ. ಬಲವಂತದಿಂದ ಹಚ್ಚಿಸಿ, ನಾಳೆ ಏನಾದರೂ ಆದರೆ ಆ ಮನುಷ್ಯ ಇನ್ನೊಂದು ಟೈಂಪೀಸು ಹೊತ್ತುಕೊಂಡು ಬದುಕಬೇಕು. ಅಂಥ ರಿಪೇರಿ ನಾನು ಮಾಡುವುದಿಲ್ಲ.

ಆಗ ಹೊನ್ನಾಜಮ್ಮ ಬಾಗಿಲು ಬಿಟ್ಟು ಬಂದು ಗಂಡನ ಎದುರು ಮೆಟ್ಟಿಲ ಮೇಲೆ ಕೂತರು. ಅವರ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡರು. ತುಟಿ ನಿಧಾನವಾಗಿ ಆಡತೊಡಗಿತು. ನಿಂಗಯ್ಯನವರು ಅಭ್ಯಾಸಬಲದಿಂದ ನನಗಾಗಿ ಹೇಳಲು ಶುರುಮಾಡಿದರು.

"'ಟೈಂಪೀಸಿನ ತಪ್ಪಿಲ್ಲ' ಅಂತಾಳೆ. 'ಅದು ಓಡೋಕೆ ಮುಂಚೇನೇ ನೋವಿತ್ತು' ಅಂತಾಳೆ. 'ಆ ವರ್ಷದ ಯುಗಾದಿಯಿಂದ್ಲೇ ನುಂಗೋಕೆ ಆಗ್ತಿರ್ಲಿಲ್ಲ. ಎಲೆ ಅಡಿಕೆ ಬಿಟ್ಟಿದ್ದು ಅದಕ್ಕೇನೇ. ಹೇಳಿದ್ರೆ...'"

ಅಲ್ಲಿ ಅವರ ದನಿ ನಿಂತಿತು. ಹೊನ್ನಾಜಮ್ಮನ ತುಟಿ ಮಾತ್ರ ಅದೇ ಮಾತನ್ನು ಮತ್ತೆ ಆಡಿತು. ಏನೆಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ನಿಂಗಯ್ಯನವರು, ತಕ್ಕಡಿಯಲ್ಲಿ ಉಳಿದ ಒಂದು ಮೊಗ್ಗನ್ನೂ ಹಾಕಿ ಮುಗಿಸುವವರಂತೆ, ಪೂರ್ತಿ ಮಾಡಿದರು.

"'ಹೇಳಿದ್ರೆ ಕೂಗೋದು ಬಿಡಿಸ್ತೀರಿ ಅಂತ ಹೇಳ್ಲಿಲ್ಲ' ಅಂತಾಳೆ."

ಮಂಜಿನಲ್ಲಿ ಎಲ್ಲೋ ಸೈಕಲ್ ಗಂಟೆಯೊಂದು ಬಂದು ದಾಟಿ ಹೋಯಿತು. ನಿಂಗಯ್ಯನವರು ಹೆಂಡತಿಯನ್ನು ನೋಡಿದರು. ಎದ್ದು ವೈರಿನ ಸುರುಳಿ ಬಿಚ್ಚುತ್ತ ಒಳಗೆ ಹೋದರು. ನಾನು ಹಿಂದೆ ಹೋದಾಗ ಅವರೇ ಪ್ಲಗ್ ಸಿಕ್ಕಿಸಿದ್ದರು. ಗುಂಡಿ ಒತ್ತಲು ಬೆರಳು ನೀಡಿ, ಒಂದು ಕ್ಷಣ ನಿಲ್ಲಿಸಿ, ಒತ್ತಿಬಿಟ್ಟರು.

"ಎಷ್ಟು ಹೊತ್ತು ಓಡ್ಬೇಕು?"

"ಮುಗಿಯೋವರೆಗೆ," ಎಂದೆ. "ಈ ಸಲ ನಡುವೆ ಕೀಳೋ ಹಂಗಿಲ್ಲ."

ಪರದೆ ಕಪ್ಪಗೆ ಬಂತು, ಮೇಲೆ ಬಿಳಿಯ ಸಾಲುಗಳು. ಇದನ್ನು ನೋಡಿ ಅನೇಕರು ಯಂತ್ರ ಸತ್ತಿತೆಂದುಕೊಳ್ಳುತ್ತಾರೆ. ಸತ್ತದ್ದು ಮಾತಾಡುವುದಿಲ್ಲ, ಇದು ತನಗೆ ಎಲ್ಲಿ ನೋವೆಂದು ಹೇಳುತ್ತಿತ್ತು. ಕೆಲಸ ನಡುವೆ ನಿಂತಿದೆ, ಮೊದಲು ಅದನ್ನು ಮುಗಿಸು ಎಂಬುದೇ ಆ ಸಾಲುಗಳ ಅರ್ಥ. ಹೊಸ ಅಪ್‌ಡೇಟಿಗೆ ಕೈಹಾಕುವವರು ಇಲ್ಲೇ ಎಡವುವುದು. ಅರ್ಧ ಬೆಂದದ್ದರ ಮೇಲೆ ಇನ್ನೊಂದು ಪಾತ್ರೆ ಇಡಬಾರದು.

ಮುಗಿಸಲು ಹೊರಟರೆ, ಬೇರೆ ಯಾರೋ ಕೆಲಸ ಮಾಡುತ್ತಿದ್ದಾರೆ, ಜಾಗ ಖಾಲಿಯಿಲ್ಲ ಎಂದಿತು. ಬಸ್ಸಿನ ಸೀಟಿನ ಮೇಲೆ ಟವೆಲು ಹಾಕಿ ಹೋದಂತೆ, ನಿನ್ನೆಯ ಅಪ್‌ಡೇಟ್ ತನ್ನ ಗುರುತನ್ನು ಬಿಟ್ಟು ಹೋಗಿತ್ತು. ಟವೆಲು ಕಂಡ ಕೂಡಲೇ ಎತ್ತಿ ಎಸೆಯುವುದು ನನ್ನ ಪದ್ಧತಿಯಲ್ಲ, ಟವೆಲಿನವರು ಟೀ ಕುಡಿಯಲು ಇಳಿದಿರಬಹುದು. ಯಾವ ಕೆಲಸಗಳು ನಡೆಯುತ್ತಿವೆ ಎಂದು ಒಂದೊಂದಾಗಿ ನೋಡಿದೆ. ನಿಜಕ್ಕೂ ಯಾರೂ ಇರಲಿಲ್ಲ. ಆಮೇಲೆ ತೆಗೆದೆ. ಜಾಗ ಸಾಲದೆಂದು ಮತ್ತೆ ಗೊಣಗಿತು. ಹಳೆಯ ಡೌನ್‌ಲೋಡುಗಳ ಕಸ ಗುಡಿಸಿದೆ. ಅರ್ಧ ಕೂತಿದ್ದ ಸಾಮಾನೆಲ್ಲ ಒಂದೊಂದಾಗಿ ಸರಿಯಾಗಿ ಕೂತಿತು. ಹೊಸ ದನಿಯ ಪ್ರೋಗ್ರಾಮು ಬಂದಿತ್ತು, ಅದಕ್ಕೆ ಆಸರೆಯಾಗಬೇಕಾದ ಸದ್ದಿನ ಭಾಗ ಇನ್ನೂ ಹಳೆಯದೇ ಇತ್ತು. ಯಂತ್ರ ಮೂಕವಾಗಿದ್ದು ಅದಕ್ಕೆ.

ಅದನ್ನು ತರಬೇಕಾದರೆ ಮತ್ತೆ ಹೊರಗಿನ ಮುದ್ರೆ. ಈ ಸಲ ದಾಟಿಸಲು ಹೋಗಲಿಲ್ಲ. ಒಳಗಿನ ಎಣಿಕೆಯನ್ನು ಹೊರಗಿನವರ ಜೊತೆ ಹೊಂದಿಸಿ, ಇನ್ನು ಮುಟ್ಟುವುದಿಲ್ಲವೆಂದು ಬಿಟ್ಟುಬಿಟ್ಟೆ. ಆಮೇಲೆ ನಮ್ಮೂರಿನ ಹೆಸರಿನಲ್ಲಿ ನಿಯಮ ಬರೆದೆ. ಯುಗಾದಿಯಿಂದೀಚೆಗೆ ಬಿದ್ದ ಮಂಜು ಎಷ್ಟೆಂದು ನಿಂಗಯ್ಯನವರನ್ನೇ ಕೇಳಿದೆ. ಊರಿನಲ್ಲಿ ಅವರಷ್ಟು ಖಚಿತವಾಗಿ ಹೇಳುವವರು ಇನ್ಯಾರು. ಅವರು ಹೇಳಿದಷ್ಟು ದಿನ ಮುಖವನ್ನು ಹಿಂದಕ್ಕೆ ಸರಿಸಿದೆ. ಮಂಜಿನ ದಿನ ಏನೂ ತೋರಬೇಡ ಎಂದೂ ಬರೆದಾಗ ಪರದೆಯ ಮೂಲೆಯಲ್ಲಿ ದಿನದ ಜಾಗ ಖಾಲಿಯಾಯಿತು. ಅವರು ಹತ್ತಿರ ಬಂದು ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಂಜು ಬಿದ್ದಾಗಲೆಲ್ಲ ಒಂದನ್ನು ಸೇರಿಸುವುದು ಹೇಗೆಂದು ಕೇಳಿ ಕಲಿತರು. ನನ್ನೆದುರಿಗೇ ಎರಡು ಸಲ ಮಾಡಿ ತೋರಿಸಿ, ಎರಡು ಸಲವೂ ವಾಪಸು ತೆಗೆದರು.

ಮುದ್ರೆ ಒಪ್ಪಿತು. ಸಾಮಾನು ಬರತೊಡಗಿತು, ಮಂಜಿನಲ್ಲಿ ಇಂಟರ್ನೆಟ್ಟು ನಿಧಾನ. ಹೊನ್ನಾಜಮ್ಮ ಒಲೆಯ ಮೇಲೆ ಹಾಲಿಟ್ಟು ನಿಶ್ಚಿಂತೆಯಿಂದ ನಮ್ಮ ಜೊತೆ ಬಂದು ಕೂತರು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆದರೆ ಒಂದೇ ಬೆಂಚಿನ ಮೇಲೆ ಕೂತಿದ್ದರು. ಸಂಜೆಗೆ ಎಲ್ಲ ಮುಗಿಯಿತು. ಕೀಲಿಮಣೆಯನ್ನು ಹೊನ್ನಾಜಮ್ಮನತ್ತ ಸರಿಸಿದೆ. ಅವರು ಏನೋ ಒತ್ತಿದರು. ಹಾರ್ನು ಇರಲಿಲ್ಲ, ಸಣ್ಣ ಸ್ಪೀಕರಿನಿಂದಲೇ ಹಳೆಯ ಹೊನ್ನಾಜಮ್ಮ ಇಡೀ ಮಂಡಿಗೆ ಕೇಳುವ ದನಿಯಲ್ಲಿ ಹೇಳಿದರು.

"ಚಂಪಮ್ಮನಿಗೆ ಕೂಲಿ ಇಲ್ಲ, ಕಾಫಿ ಉಂಟು. ನೂರಾ ಇಪ್ಪತ್ತೈದು. ನೂರಾ ತೊಂಬತ್ತೇಳೂವರೆ."

ಬಾಲ ಪೂರ್ತಿ ಇತ್ತು, ಅರೆಯ ಸಮೇತ.

ನಾನು ಹೊರಡುವಾಗ ನಿಂಗಯ್ಯನವರು ಬೀದಿಯ ತಿರುವಿನವರೆಗೆ ಗಂಟೆ ಬಾರಿಸುತ್ತ ಬಂದರು. ಅವರ ಮುಖ ಹಗುರಾಗಿರುತ್ತದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ತಿರುವಿನಲ್ಲಿ ನಿಂತು, ಅವಳು ಹೇಳಿದ್ದೇನೋ ಹೇಳಿದಳು, ಆದರೆ ಮಂಜಿನ ದಿನದ ಮಾತು ಎಂದರು. ಅಷ್ಟೇ ಹೇಳಿ ತಿರುಗಿ ಹೋದರು. ಅವರ ಸಂಕಟ ನನಗೆ ಅರ್ಥವಾಯಿತು. ಗಂಡನಿಗೆ ನೋವಾಗಬಾರದೆಂದು ಹೆಂಡತಿ ಲೆಕ್ಕಕ್ಕಿಲ್ಲದ ದಿನ ಒಂದು ಮಾತು ಆಡಿರಬಹುದು, ಕೆಲಸ ನಡೆಯಲಿ ಎಂದು ಆಡಿರಬಹುದು. ಮಾರನೆಯ ದಿನ ಅದನ್ನು ಮತ್ತೆ ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ಯಂತ್ರ ಸರಿಹೋಗಿತ್ತು, ಟೈಂಪೀಸು ಅವರೊಳಗೆ ಇನ್ನೂ ಓಡುತ್ತಿತ್ತು.

ಮಾರನೆಯ ದಿನ ಬಿಸಿಲು, ಗುರುವಾರ. ಎರಡು ದಿನದ ಆಸೆಯನ್ನು ಒಟ್ಟಿಗೆ ತೀರಿಸಿಕೊಂಡಂತೆ ಮೊಗ್ಗುಗಳೆಲ್ಲ ಬಿರಿದಿದ್ದವು. ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾದಪ್ಪನವರ ಬಾಮೈದ ಹೊಸ ಶಲ್ಯ ಹೊದ್ದು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಕಟ್ಟೆಯ ಬುಡದಲ್ಲಿ ತಯಾರಾಗಿ ನಿಂತಿದ್ದ. ಹೊನ್ನಾಜಮ್ಮ ಅವನನ್ನು ದಾಟಿಕೊಂಡು ಕಟ್ಟೆ ಹತ್ತಿ ಕೂತರು. ಪರದೆಯ ಮೂಲೆಯಲ್ಲಿ ಗುರುವಾರ ಎಂದಿತ್ತು. ಬೆಳಿಗ್ಗೆ ನಿಂಗಯ್ಯನವರೇ ಒಂದನ್ನು ಸೇರಿಸಿದ್ದರು.

ಆಮೇಲೆ ನಡೆದ ಹರಾಜನ್ನು ಮಂಡಿಯವರು ಇನ್ನೂ ನೆನೆಸಿಕೊಳ್ಳುತ್ತಾರೆ. ಸೇವಂತಿಗೆ, ಕನಕಾಂಬರ, ಸುಗಂಧರಾಜ, ಯಾವುದರ ಬೆಲೆಯಲ್ಲೂ ಒಂದು ಪೈಸೆಯ ಬಾಲ ಕಳೆಯಲಿಲ್ಲ. ಕಾಲು, ಅರೆ, ಮುಕ್ಕಾಲು ಎಲ್ಲ ಕೆರೆಯಾಚೆ ಹೋಗಿ ಮುಟ್ಟಿತು. ರಂಪ ಮಾಡುವವರಿಗೆ ಕೆಲಸವೇ ಸಿಗಲಿಲ್ಲ. ಅರ್ಧಕ್ಕೇ ಮಾದಪ್ಪನವರು ಬಾಮೈದನ ಹೆಗಲ ಮೇಲೆ ಕೈಹಾಕಿ ಟೀ ಅಂಗಡಿಯ ಕಡೆಗೆ ಕರೆದುಕೊಂಡು ಹೋದರು. ಕೊನೆಯ ಬುಟ್ಟಿ ಮಲ್ಲಿಗೆ ಮೂರನೇ ಸಲಕ್ಕೆ ಮುಗಿಯಿತು. ಜನ ಬುಟ್ಟಿ ಎತ್ತತೊಡಗಿದರು. ನಿಂಗಯ್ಯನವರು ತಕ್ಕಡಿಯ ತಟ್ಟೆಗಳನ್ನು ಒರೆಸುತ್ತಿದ್ದರು. ನಾನು ಹಾರ್ನಿನ ವೈರು ಬಿಚ್ಚಲು ಕಟ್ಟೆ ಹತ್ತಿದೆ. ಹೊನ್ನಾಜಮ್ಮ ನನ್ನ ಕೈ ತಡೆದರು, ಕೀಲಿಮಣೆಯ ಮೇಲೆ ಬೆರಳಿಟ್ಟರು.

ನಮ್ಮ ಮಂಡಿಯಲ್ಲಿ ಮೂರು ಸಲ ಕೂಗಿದ್ದನ್ನು ಯಜಮಾನರೂ ಬದಲಿಸುವಂತಿಲ್ಲ.

"ಟೈಂಪೀಸಿನ ತಪ್ಪಿಲ್ಲ," ಎಂದಿತು ಹಾರ್ನು, ಕೆರೆಯಾಚೆಗೂ ಕೇಳುವಂತೆ. "ಒಂದನೇ ಸಲ."

ಬುಟ್ಟಿ ಎತ್ತಿದವರು ಹಾಗೆಯೇ ನಿಂತರು. ಏನಾದರೂ ಉಳಿದಿತ್ತೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ನಿಂಗಯ್ಯನವರ ಕೈಯಲ್ಲಿದ್ದ ಒರೆಸುವ ಬಟ್ಟೆ ತಟ್ಟೆಯ ಮೇಲೆಯೇ ಉಳಿಯಿತು.

"ಯುಗಾದಿಯಿಂದಲೇ ನೋವಿತ್ತು, ಹೇಳಲಿಲ್ಲ. ಟೈಂಪೀಸಿನ ತಪ್ಪಿಲ್ಲ. ಎರಡನೇ ಸಲ."

ಹೊನ್ನಾಜಮ್ಮ ಗಂಡನನ್ನೇ ನೋಡುತ್ತಿದ್ದರು. ತುಟಿ ಆಡಿಸಲಿಲ್ಲ, ಓದಲು ಅವರಿಗೆ ಏನನ್ನೂ ಕೊಡಲಿಲ್ಲ. ಬರೀ ಬೆರಳು ಒತ್ತಿದರು.

"ಮೂರನೇ ಸಲ."

ಮಂಡಿಗೆ ಹೊರಗಿನಿಂದ ಬಂದವರಿಗೆ ತಲೆಬುಡ ತಿಳಿಯಲಿಲ್ಲ. ಹೊರ ಊರಿನ ಮಲ್ಲಿಗೆ ವ್ಯಾಪಾರಿಯೊಬ್ಬ, ಒಳ್ಳೆಯ ಸಾಮಾನೊಂದು ಕೈತಪ್ಪುತ್ತಿದೆ ಎಂದುಕೊಂಡು, ಹಿಂದಿನಿಂದ ಕೈ ಎತ್ತಿ, ಆ ಟೈಂಪೀಸಿಗೆ ಶುರು ಎಷ್ಟು ಎಂದು ವಿಚಾರಿಸಿದ. ನಿಂಗಯ್ಯನವರು ತಕ್ಕಡಿ ಬಿಟ್ಟು ನೆಟ್ಟಗೆ ನಿಂತರು. ಅವರ ದನಿ ಅಷ್ಟು ದೂರ ಹೋದದ್ದನ್ನು ನಾವು ಯಾರೂ ಅಂದಿನವರೆಗೆ ಕೇಳಿರಲಿಲ್ಲ.

"ಅದು ಮಾರೋಕಲ್ಲ, ಸ್ವಾಮಿ," ಎಂದರು. "ಮನೆಗೆ ಹೋಗಿ ಕೀಲಿ ಕೊಡ್ಬೇಕು."